ಹುಟ್ಟುಗುಣ ಸುಟ್ಟರೆ ಹೋಗುತ್ತದೆ

ಮೂರನೇ ವರ್ಷವೂ ಹೊಲ ಸೊರಗಿತು. ಹೂ ಬಿಡುವ ಹೊತ್ತಿಗೆ ಸರಿಯಾಗಿ ಕಡಲೆ ಗಿಡಗಳು ಹಳದಿಯಾಗಿ, ತಲೆ ಬಾಗಿಸಿ, ನಿಂತಲ್ಲೇ ಒಣಗಿದವು. ಈ ಸಂಕಟ ಯಾರಿಗೆ ಹೊಸದು ಹೇಳಿ? ಆದರೆ ಆ ಮನೆಯ ಅತ್ತೆಗೆ ಈ ಸಲದ ಸಂಕಟವೇ ಬೇರೆ. ಅದು ಅವಳ ತಾಯಿ ಕೈಯಾರೆ ಕೊಟ್ಟ ಸಣ್ಣ ಕಪ್ಪು ಕಡಲೆ. ಗಡಿಗೆಯ ಕೊನೆಯ ಕಾಳನ್ನೂ ಬಿತ್ತಿಬಿಟ್ಟಿದ್ದಳು. ಈ ಹೊಲ ಹೋದರೆ ಆ ತಳಿಯೇ ಹೋದ ಹಾಗೆ.

ರೋಗದ ಹೊಲವನ್ನು ಬುಡಸಮೇತ ಕಿತ್ತು ಸುಡುವುದು ಅತ್ತೆಯ ಪದ್ಧತಿ. ಹಸಿರಿರಲಿ, ಒಣಗಿರಲಿ, ಭೇದವಿಲ್ಲ. ಬೆಳಗಿನಿಂದ ಕಿತ್ತು ರಾಶಿ ಹಾಕುತ್ತಿದ್ದವಳ ಕೈ, ಬದುವಿನ ಹತ್ತಿರ ಹಚ್ಚಗೆ ನಿಂತಿದ್ದ ಒಂಟಿ ಗಿಡಕ್ಕೂ ಹೋಯಿತು.

"ಅಯ್ಯೋ ಅತ್ತೆ, ಬಿಡಿ ಅದನ್ನ!" ಸೊಸೆ ಓಡಿಬಂದಳು. ಅವಳೇ ಕರೆಸಿದ್ದ ತಳಿ ಕೇಂದ್ರದ ಸಂಶೋಧಕಿ ಹಿಂದೆಯೇ ಬಂದಳು.

"ಬಿಟ್ಟು ಏನ್ ಮಾಡ್ಲಿ, ಮುದ್ದು ಮಾಡ್ಲಾ? ಇವತ್ತಲ್ಲ ನಾಳೆ ಇದೂ ಸಾಯೋದೇ!"

ಸಂಶೋಧಕಿ ಗಿಡದ ಬಳಿ ಕೂತಳು. "ಸುತ್ತ ಎಲ್ಲಾ ಸತ್ರೂ ಇದು ಬದುಕಿದೆಯಲ್ಲಮ್ಮಾ. ಇಲ್ಲಿನ ಮಣ್ಣಲ್ಲಿ ರೋಗ ಕಮ್ಮಿ ಇರಬಹುದು. ಇಲ್ಲಾ, ರೋಗ ತಡ್ಕೊಳ್ಳೋ ಗುಣ ಇದರ ಹುಟ್ಟಲ್ಲೇ ಇರಬಹುದು."

"ಅದೇನು ಎಲೆ ಮೇಲೆ ಬರೆದಿರುತ್ತಾ?"

"ಎಲೆ ಒಳಗೆ ಬರೆದಿರುತ್ತೆ. ಗಿಡ ಹೇಗೆ ಬೆಳೀಬೇಕು, ಏನನ್ನ ತಡ್ಕೋಬೇಕು ಅನ್ನೋದೆಲ್ಲ ಒಂದೊಂದು ಜೀವಕೋಶದಲ್ಲೂ ಇರುತ್ತೆ. ಆ ಇಡೀ ಬರಹಕ್ಕೆ ಜೀನೋಮ್ ಅಂತಾರೆ."

"ಗಿಡ ಓದೋಕೂ ಒಂದು ಶಾಲೆ!" ಅತ್ತೆ ಮೂಗು ಮುರಿದಳು.

"ಸೊರಗಿದ ಗಿಡಗಳದ್ದೂ ಓದ್ತೀವಿ, ಬದುಕಿದವುಗಳದ್ದೂ ಓದ್ತೀವಿ. ಹೋಲಿಸಿದ್ರೆ ಆ ಗುಣ ಎಲ್ಲಿದೆ ಅಂತ ಹುಡುಕಬಹುದು. ಆಮೇಲೆ ಇದನ್ನ ಹೆಚ್ಚು ಕಾಯಿ ಬಿಡೋ ತಳಿ ಜೊತೆ ಕೂಡಿಸ್ತೀವಿ. ಹುಟ್ಟಿದ ಸಸಿಗಳಲ್ಲಿ ಯಾವುದಕ್ಕೆ ಗುಣ ಬಂದಿದೆ ಅಂತ ಎಳೇ ಎಲೆ ಪರೀಕ್ಷೆ ಮಾಡಿದ್ರೇ ಗೊತ್ತಾಗುತ್ತೆ. ಪ್ರತಿ ಸಲ ಬೆಳೆ ಬರೋವರೆಗೂ ಕಾಯಬೇಕಿಲ್ಲ, ಎಷ್ಟೋ ವರ್ಷ ಉಳಿತಾಯ ಆಗುತ್ತೆ. ಆದ್ರೆ ಒಂದೇ ಗಿಡ ಸಾಲದು. ಹಿಂದಿನ ವರ್ಷ ಹೀಗೆ ನಿಂತ ಗಿಡ ಇದ್ವಾ?"

ಅತ್ತೆ ರಾಶಿಯ ಕಡೆ ತಿರುಗಿದಳು. ಇದ್ದವು. ಹೋದ ವರ್ಷ ಬಾವಿಯ ಬಳಿ ಒಂದು ಸಾಲೇ ನಿಂತಿತ್ತು. ಅದನ್ನೂ ಅವಳೇ ಬೆಂಕಿಗೆ ಹಾಕಿದ್ದಳು.

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಿದ್ಲು ನಮ್ಮಮ್ಮ," ಎಂದಳು ಸೊಸೆಯತ್ತ ತಿರುಗಿ, ಮೆಲ್ಲಗೆ. "ನಾನು ಸುಟ್ಟೆ ಕಣೇ. ಹೋಯ್ತು."

ಸಂಶೋಧಕಿ ಬದುಕಿದ ಗಿಡದ ಎಲೆ ಒಂದು ಚೀಲಕ್ಕೆ, ಸೊರಗುತ್ತಿದ್ದವುಗಳ ಎಲೆ ಬೇರೆ ಚೀಲಕ್ಕೆ ಹಾಕಿಕೊಂಡಳು.

"ಹೊಸ ಬೀಜ ನನ್ನ ಕಾಲಕ್ಕೆ ಬರುತ್ತೇನಮ್ಮಾ?" ಅತ್ತೆ ಅವಳನ್ನು ಕೇಳಿದಳು.

"ಹೇಳೋಕಾಗಲ್ಲಮ್ಮಾ. ಇದರಲ್ಲಿ ಆ ಗುಣ ಇಲ್ಲದೇ ಇರಬಹುದು. ಸುಳ್ಳು ಆಸೆ ಹುಟ್ಟಿಸಲ್ಲ. ಕಾಯಿ ಬಲಿತ ಮೇಲೆ ಒಂದು ಪಾಲು ನಮಗೆ ಕೊಡಿ, ಒಂದು ಪಾಲು ನೀವಿಟ್ಕೊಳ್ಳಿ."

ಅತ್ತೆ ಮುಳ್ಳು ತಂದು ಗಿಡದ ಸುತ್ತ ಬೇಲಿ ಕಟ್ಟಿದಳು. ಸತ್ತ ಗಿಡಗಳನ್ನು ದೂರ ಒಯ್ದು ಸುಟ್ಟಳು. ಗಾಳಿ ಇತ್ತ ತಿರುಗಿದಾಗಲೆಲ್ಲ ಎದ್ದು ಬಂದು, ಹೊಗೆಗೆ ಬೆನ್ನು ಕೊಟ್ಟು, ಗಿಡಕ್ಕೆ ಅಡ್ಡ ನಿಂತಳು.

ಅಕ್ಕಂದಿರೇ, ಅಣ್ಣಂದಿರೇ, ರೋಗದ ಗಿಡ ಸುಡಿ, ತಪ್ಪಿಲ್ಲ. ಸುಡುವ ಮೊದಲು ಒಮ್ಮೆ ಹೊಲ ಸುತ್ತಿಬನ್ನಿ. ಎಲ್ಲ ಸತ್ತ ಕಡೆ ಒಂದು ನಿಂತಿದ್ದರೆ ಕೋಲು ನೆಟ್ಟು ಗುರುತು ಮಾಡಿ, ಹತ್ತಿರದ ಕೃಷಿ ಕೇಂದ್ರಕ್ಕೆ ತಿಳಿಸಿ. ಮನೆಯ ಹಳೇ ಬೀಜವನ್ನೆಲ್ಲ ಒಮ್ಮೆಗೇ ಬಿತ್ತಬೇಡಿ, ಒಂದು ಹಿಡಿ ತೆಗೆದಿಡಿ. ಎಲೆಯನ್ನು ಓದುವವರಿದ್ದಾರೆ. ಬೂದಿಯನ್ನು ಓದುವವರು ಇನ್ನೂ ಹುಟ್ಟಿಲ್ಲ.