ಕಂಡಿ ದಾಟಿದ ದಿನ

ಮುಖ ತೊಳೆದುಕೊಂಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅವಳು ತೊರೆಯಿಂದ ಮೇಲೆ ಬಂದಾಗ ವ್ಯಾನು ಇರಲಿಲ್ಲ. ಚಕ್ರದಡಿ ಅಪ್ಪಚ್ಚಿಯಾದ ಹುಲ್ಲು ಇನ್ನೂ ತಲೆ ಎತ್ತಿರಲಿಲ್ಲ. ತಾನೇ ದಾರಿ ತಪ್ಪಿ ಬೇರೆ ಬಯಲಿಗೆ ಬಂದೆನೇನೋ ಅಂದುಕೊಂಡಳು. ಆದರೆ ಬೆಳಿಗ್ಗೆ ಗಂಡ ಕೂತು ಕಾಫಿ ಕುಡಿದಿದ್ದ ಚಪ್ಪಟೆ ಕಲ್ಲು ಅಲ್ಲೇ ಇತ್ತು, ಲೋಟದ ಉಂಗುರದ ಗುರುತಿನ ಸಮೇತ.

"ರೀ!" ಎಂದು ಕೂಗಿದಳು. ಎದುರಿನ ಬೆಟ್ಟ "ರೀ" ಎಂದು ಅವಳನ್ನೇ ಅಣಕಿಸಿತು.

ಕೆಳಗೆ, ಬಹಳ ಕೆಳಗೆ, ರಸ್ತೆಯ ತಿರುವಿನಲ್ಲಿ ಬಿಳಿ ವ್ಯಾನು ಒಮ್ಮೆ ಮಿಂಚಿ ಮರೆಯಾಯಿತು. ಆಗ ಅವಳಿಗೆ ಎಲ್ಲ ಅರ್ಥವಾಯಿತು. ಅವಳು ಒಳಗೇ ಇದ್ದಾಳೆ ಅಂದುಕೊಂಡು ಹೊರಟಿದ್ದಾನೆ.

ತಪ್ಪು ಪರದೆಯದು. ವ್ಯಾನಿನ ಮುಂದಿನ ಸೀಟಿಗೂ ಹಿಂದಿನ ಹಾಸಿಗೆಗೂ ನಡುವೆ ಅವಳೇ ಹೊಲಿದ ಕಡುನೀಲಿ ಪರದೆಯಿತ್ತು. ಪರದೆ ಹೊಲಿಯುವುದೇ ಅವಳ ಕಸುಬು. ಒಳಗೆ ಅಸ್ತರಿ ಕೊಟ್ಟು, ಬೆಳಕಿನ ಎಳೆಯೂ ನುಸುಳದ ಹಾಗೆ ಹೊಲಿದಿದ್ದಳು. ಬೆಂಕಿಪೊಟ್ಟಣದಂಥ ಗಾಡಿಯಲ್ಲಿ ಇಬ್ಬರು ಹಗಲೂ ರಾತ್ರಿ ಇರಬೇಕಾದರೆ ಒಂದು ಕಟ್ಟಳೆ ಬೇಕಲ್ಲ? ಹೊರಡುವ ಮೊದಲೇ ಮಾಡಿಕೊಂಡಿದ್ದರು. ಒಬ್ಬರು ಪರದೆ ಎಳೆದರೆ, ಎಳೆದವರೇ ಸರಿಸುವವರೆಗೆ ಇನ್ನೊಬ್ಬರು ಅದನ್ನು ಮುಟ್ಟಬಾರದು, ಉತ್ತರ ಕೇಳಬಾರದು. ಇವತ್ತು ಬೆಳಿಗ್ಗೆ ಅವಳು ಎಳೆದಿದ್ದಳು, ಉಂಗುರಗಳು ಕಿರುಚುವ ಹಾಗೆ.

ಜಗಳ ಎದ್ದದ್ದು ಕಂಡಿಯ ವಿಷಯಕ್ಕೆ. ನೆತ್ತಿಯ ಮೇಲೆ, ಎರಡು ಶಿಖರಗಳ ನಡುವೆ, ಯಾರೋ ಕತ್ತರಿಯಲ್ಲಿ ಕಚ್ಚು ಹಾಕಿದಂತಿದ್ದ ಕಂಡಿ. ಅಲ್ಲಿಗೊಂದು ಕಾಲುದಾರಿ. ಅದರಾಚೆ ಇಳಿದರೆ ಸರೋವರ. ಅದನ್ನು ಇಬ್ಬರೂ ನಡೆದೇ ದಾಟುವುದೆಂದು ಮನೆಯಲ್ಲಿದ್ದಾಗಲೇ ಮಾತಾಗಿತ್ತು.

"ಬೇಡ," ಅಂದಿದ್ದ ಗಂಡ, ಕಾಲುದಾರಿಯನ್ನು ನೋಡುತ್ತ. "ಸುತ್ತು ಹಾಕ್ಕೊಂಡು ವ್ಯಾನಲ್ಲೇ ಹೋಗೋಣ. ಎಲ್ಲಿಂದ ನೋಡಿದ್ರೂ ನೀರು ನೀರೇ."

"ನಿನ್ನೆ ಹೂಂ ಅಂದಿದ್ರಿ."

"ನಿನ್ನೆ ಕತ್ತಲಾಗಿತ್ತು. ದಾರಿ ಕಾಣ್ತಿರಲಿಲ್ಲ."

"ಕಾಣದೇ ಇದ್ದಾಗ ಧೈರ್ಯ, ಕಂಡ್ರೆ ಭಯ! ಭೇಷ್, ಲಿಫ್ಟ್ ಸಾಹೇಬ್ರೇ."

"ನಿನ್ನ ಆ ಕಾಲಿನ ಮೇಲೆ ನನಗೆ ನಂಬಿಕೆ ಇಲ್ಲ ಕಣೇ."

"ಕಾಲು ನಂದು!"

"ಮುರಿದಾಗ ಹೊತ್ತಿದ್ದು ನಾನು!"

ಅದೂ ನಿಜ. ಹೋದ ವರ್ಷ ಗಿರಾಕಿಯೊಬ್ಬರ ಮನೆಯಲ್ಲಿ ಪರದೆ ತೂಗುಹಾಕುವಾಗ ಸ್ಟೂಲು ವಾಲಿ, ಬಲಗಾಲಿನ ಮೂಳೆ ಒಣಕಡ್ಡಿಯ ಹಾಗೆ ಲಟಕ್ಕೆಂದಿತ್ತು. ಒಳಗೆ ಉಕ್ಕಿನ ಪಟ್ಟಿ ಹಾಕಿ ಕೂಡಿಸಿದರು. ಕೂಡಿತು. "ಇನ್ನು ಬೇಕಾದ್ರೆ ಕುಣೀರಿ," ಎಂದು ಡಾಕ್ಟರು ಮೊಣಕಾಲ ಕೆಳಗೆ ಬೆರಳಿನಿಂದ ತಟ್ಟಿ ಹೇಳಿದ್ದರು. ಅವಳು ನಂಬಿದಳು, ಗಂಡ ನಂಬಲಿಲ್ಲ. ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು ಅವನು. ಯಾರೂ ಬೀಳದ ಹಾಗೆ ನೋಡಿಕೊಳ್ಳುವುದೇ ಅವನ ಅನ್ನ. ಅವಳು ಮೆಟ್ಟಿಲಿಳಿಯುವಾಗ ಕೆಳಗಿನ ಮೆಟ್ಟಿಲಲ್ಲಿ ಎರಡೂ ಕೈ ಚಾಚಿ, ಕಪಾಟು ಇಳಿಸಿಕೊಳ್ಳುವ ಹಮಾಲನ ಹಾಗೆ ಹಿಮ್ಮುಖವಾಗಿ ಇಳಿಯುತ್ತಿದ್ದ. ಈ ಪ್ರವಾಸದಲ್ಲೂ ಅಷ್ಟೇ. ಒಂದೊಂದು ಬೆಟ್ಟ ಬಂದಾಗಲೂ "ದಾರಿ ನೋಡ್ಕೊಂಡು ಬರ್ತೀನಿ, ನೀನು ಕೂತಿರು" ಎಂದು ಹತ್ತಿ ಹೋಗುತ್ತಿದ್ದ. ಅವಳು ವ್ಯಾನಿನ ನೆರಳಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಮಕ್ಕಳು ದೊಡ್ಡವರನ್ನು ನೋಡುವಂತೆ, ಬೆಟ್ಟಗಳನ್ನೆಲ್ಲ ಗದ್ದದ ಕೆಳಗಿನಿಂದಲೇ ನೋಡಿದ್ದಳು.

ಪರದೆ ಎಳೆದವಳು ಸಿಟ್ಟು ತಣಿಯಲೆಂದು ಹಿಂಬಾಗಿಲಿನಿಂದ ಸದ್ದಿಲ್ಲದೆ ಇಳಿದು ತೊರೆಗೆ ಹೋಗಿದ್ದಳು. ಇತ್ತ ಅವನು ದಿನದ ಪದ್ಧತಿಯಂತೆ ಎಲ್ಲ ಪರೀಕ್ಷೆ ಮಾಡಿರಬೇಕು: ಗ್ಯಾಸ್ ಮುಚ್ಚಿದೆಯೇ, ನಲ್ಲಿ ಬಿಗಿಯಾಗಿದೆಯೇ, ಕಪಾಟಿನ ಚಿಲಕ, ಚಕ್ರಕ್ಕಿಟ್ಟ ಮರದ ತುಂಡು, ಹಿಂಬಾಗಿಲು. ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲವನ್ನೂ ನೋಡಿಕೊಂಡು ಹೊರಟಿದ್ದ. ಅವಳ ಫೋನು ಚಾರ್ಜಿಗೆ ಸಿಕ್ಕಿಸಿಕೊಂಡು ಅವನ ಪಕ್ಕದಲ್ಲೇ ಹೋಗಿತ್ತು.

ಅವಳು ಚಪ್ಪಟೆ ಕಲ್ಲಿನ ಮೇಲೆ ಕೂತಳು. ಕಾಯಬಹುದು. ಸುತ್ತು ಹಾಕಿ ಸರೋವರ ತಲುಪಿದ ಮೇಲೆ ಅವನಿಗೆ ಗೊತ್ತಾಗುತ್ತದೆ, ಎದ್ದೆನೋ ಬಿದ್ದೆನೋ ಎಂದು ವಾಪಸ್ಸು ಓಡಿಬರುತ್ತಾನೆ, ಬೈಯುತ್ತಾನೆ, ತಬ್ಬಿಕೊಳ್ಳುತ್ತಾನೆ. ಆಮೇಲೆ ಬಚ್ಚಲಿಗೂ ಒಬ್ಬಳನ್ನೇ ಬಿಡುವುದಿಲ್ಲ.

ಅಜ್ಜಿಯ ಕಥೆಗಳಲ್ಲಿ ರಾಕ್ಷಸ ಯಾವಾಗಲೂ ರಾಜಕುಮಾರಿಯನ್ನು ಏಳು ಬೆಟ್ಟದಾಚೆ ಕೂರಿಸಿಬರುತ್ತಿದ್ದ. ರಾಜಕುಮಾರ ಬರುವವರೆಗೆ ಅವಳು ತಲೆ ಬಾಚಿಕೊಳ್ಳುತ್ತ ಕೂತಿರುತ್ತಿದ್ದಳು. "ಅವಳೇ ಯಾಕಜ್ಜಿ ನಡ್ಕೊಂಡು ಬರಲಿಲ್ಲ?" ಎಂದು ಒಮ್ಮೆ ಕೇಳಿದ್ದಕ್ಕೆ ಅಜ್ಜಿ, "ಚಪ್ಪಲಿ ಇರಲಿಲ್ಲ, ಮಲ್ಕೋ ಸುಮ್ಮನೆ," ಅಂದಿದ್ದಳು.

ಅವಳು ಬಗ್ಗಿ ತನ್ನ ಪಾದ ನೋಡಿಕೊಂಡಳು. ಬೂಟು ಇತ್ತು. ಲೇಸು ಬಿಚ್ಚಿ ಮತ್ತೊಮ್ಮೆ ಬಿಗಿಯಾಗಿ ಕಟ್ಟಿದಳು. ಟವೆಲನ್ನು ತಲೆಗೆ ಸುತ್ತಿಕೊಂಡಳು. ಆಕಾಶ ಒಗೆದು ಇಸ್ತ್ರಿ ಮಾಡಿದಂತಿತ್ತು. ದಾರಿ ತಪ್ಪದಿರಲೆಂದು ಅಲ್ಲಲ್ಲಿ ಕಲ್ಲುಗಳಿಗೆ ಬಿಳಿ ಬಣ್ಣ ಬಳಿದಿದ್ದರು. ಮೊದಲನೇ ಬಿಳಿ ಕಲ್ಲಿಗೆ, ಅಲ್ಲಿಂದ ಇನ್ನೊಂದಕ್ಕೆ. ಕೆಳಗಿನಿಂದ ನೋಡಿದಾಗ ಆ ದಾರಿ ಅವಸರದಲ್ಲಿ ಹಾಕಿದ ಕಚ್ಚಾ ಹೊಲಿಗೆಯಂತೆ ಕಂಡಿತ್ತು; ಹತ್ತುತ್ತ ಹೋದರೆ ಅದು ಬಹಳ ಅನುಭವದ ಕೈಯ ಕೆಲಸ, ಉಸಿರು ಕಟ್ಟುವ ಜಾಗಕ್ಕೆ ಸರಿಯಾಗಿ ಒಂದು ತಿರುವು.

ಮರಗಳು ಕುಳ್ಳಗಾಗುತ್ತ, ಪೊದೆಗಳಾಗುತ್ತ, ಕೊನೆಗೆ ಇಲ್ಲವಾದ ಕಡೆ ಕುರಿಗಳು ಎದುರಾದವು. ಅವುಗಳ ಹಿಂದೆ, ಗಂಡಸರ ಕೋಟು ತೊಟ್ಟ, ಅವಳಿಗಿಂತ ಹಿರಿಯ ಹೆಂಗಸು.

"ಒಬ್ಬಳೇ ಹೊರಟಿದ್ದೀಯಲ್ಲ ತಂಗಿ, ಜೊತೆಗೆ ಯಾರೂ ಇಲ್ವಾ?"

"ಗಂಡ ಇದ್ದಾರಕ್ಕ. ನನ್ನನ್ನ ಬಿಟ್ಟು ಗಾಡಿ ಹೊಡ್ಕೊಂಡು ಹೋದ್ರು."

"ಬಿಟ್ಟು?"

"ಹಿಂದುಗಡೆ ಮಲಗಿದ್ದೀನಿ ಅಂದ್ಕೊಂಡಿದ್ದಾರೆ."

"ಅಯ್ಯೋ ದೇವ್ರೇ! ನಮ್ಮನೆಯವ್ರು ಕುರಿ ಮರೆತು ಬಂದಿದ್ದಾರೆ, ಹೆಂಡ್ತೀನ ಮರೆತಿಲ್ಲ." ಹೆಂಗಸು ತಡೆದು ಕೇಳಿದಳು. "ಅಂದ್ರೆ ಆಯಪ್ಪಂಗೆ ಇನ್ನೂ ಗೊತ್ತೇ ಇಲ್ವಾ?"

"ಇನ್ನೂ ಇಲ್ಲ."

ಹೆಂಗಸು ನಕ್ಕ ರಭಸಕ್ಕೆ ಕುರಿಗಳು ಮೇಯುವುದು ಬಿಟ್ಟು ನೋಡಿದವು. "ಹಾಗಾದ್ರೆ ಇಲ್ಲಿ ನಿಂತು ಹರಟೆ ಹೊಡೀಬೇಡ. ಗೊತ್ತಾಗೋದ್ರೊಳಗೆ ಹೋಗಿ ಕೂತ್ಬಿಡು, ಹೋಗು!" ಎಂದು ಜೇಬಿನಿಂದ ರೊಟ್ಟಿಯ ತುಂಡು, ಬೇಯಿಸಿದ ಆಲೂಗಡ್ಡೆ ತೆಗೆದು ಕೈಗೆ ತುರುಕಿದಳು. "ಮೇಲೆ ಸಡಿಲ ಕಲ್ಲಿದೆ. ಅಲ್ಲಿ ಮಾತ್ರ ಕಾಲಿನ ಮಾತು ಕೇಳು, ತಲೆಯ ಮಾತು ಕೇಳಬೇಡ."

ಸಡಿಲ ಕಲ್ಲಿನ ಜಾಗ ಕಂಡಿಯ ಕೆಳಗೇ ಇತ್ತು. ಬೆಟ್ಟ ತನ್ನ ಚೂರುಗಳನ್ನೆಲ್ಲ ಅಲ್ಲಿ ಸುರಿದುಕೊಂಡಿತ್ತು. ದಾರಿ ಅದರ ಮೇಲೆ ಅಡ್ಡಲಾಗಿ, ಪಾದದಗಲದ ಗೆರೆಯಾಗಿ ಹೋಗಿತ್ತು. ಎಡಕ್ಕೆ ಬೆಟ್ಟ, ಬಲಕ್ಕೆ ಏನೂ ಇಲ್ಲ. ಎರಡು ಹೆಜ್ಜೆ ಇಟ್ಟು ಅವಳು ನಿಂತುಬಿಟ್ಟಳು. ಬಲಗಾಲು ನಡುಗುತ್ತಿತ್ತು. ಆ ಗಿರಾಕಿ ಮನೆಯ ಲಟಕ್ಕೆಂಬ ಸದ್ದು ಕಿವಿಯಲ್ಲಿ ಹೊಸದಾಗಿ ಕೇಳಿತು. ಇಷ್ಟು ದಿನ ತಾನು ಎಡಗಾಲನ್ನೇ ಮುಂದಿಟ್ಟು, ಬಲಗಾಲನ್ನು ಹಿಂದಿನಿಂದ ಕರೆದುಕೊಂಡು ಹೋಗುತ್ತಿದ್ದೆ ಎಂಬುದು ಆಗ ಹೊಳೆಯಿತು. ಗಂಡ ಹಾಗೆ ಅಭ್ಯಾಸ ಮಾಡಿಸಿದ್ದ. ಇಲ್ಲಿ ಅದು ನಡೆಯುವಂತಿರಲಿಲ್ಲ. ಇಳಿಜಾರಿನ ಕಡೆಯದು ಬಲಗಾಲು. ಪೂರ್ತಿ ಭಾರ ಅದೇ ಹೊರಬೇಕು.

ಹಿಂದಿರುಗಿ ನೋಡಿದಳು. ಕುರಿಗಳು ಚೆಲ್ಲಿದ ಅಕ್ಕಿಯಂತಿದ್ದವು. ಹಿಂದೆ ಹೋಗುವುದಕ್ಕೂ ತಿರುಗಿ ಇದೇ ಕಾಲಿನ ಮೇಲೆ ನಿಲ್ಲಬೇಕು.

"ಬಾಮ್ಮ," ಎಂದಳು ಕಾಲಿಗೆ. "ನಿನ್ನ ಬೈದಿದ್ದೀನಾ ಯಾವತ್ತಾದ್ರೂ? ಬಾ."

ಬಲಗಾಲನ್ನು ಮುಂದಿಟ್ಟು ಭಾರ ಬಿಟ್ಟಳು. ಕೆಳಗೆ ಕಲ್ಲುಗಳು ಜರ್ರನೆ ಜಾರಿದವು. ಅವು ಪುಟಿದು ಪುಟಿದು ಹೋಗುವ ಸದ್ದು ಬಹಳ ಹೊತ್ತು ಕೇಳಿತು. ಅವಳ ಪಾದ ಒಂದು ಬೆರಳಷ್ಟು ಜಾರಿ, ಕಚ್ಚಿಕೊಂಡು ನಿಂತಿತು. ಮೊಣಕಾಲ ಕೆಳಗೆ ಏನೋ ಗಟ್ಟಿಯಾದದ್ದು ಅವಳನ್ನು ಎತ್ತಿಹಿಡಿದಿತ್ತು. ಮೂಳೆಯೋ ಉಕ್ಕೋ ಅವಳಿಗೆ ತಿಳಿಯಲಿಲ್ಲ, ಎರಡೂ ಅವಳವೇ. ಇನ್ನೊಂದು ಹೆಜ್ಜೆ. ಮತ್ತೊಂದು. ನಡುದಾರಿಯಲ್ಲಿ ನಡುಕ ಯಾವಾಗ ಬಿಟ್ಟುಹೋಯಿತೋ ನೋಡಿಕೊಳ್ಳುವಷ್ಟು ಪುರುಸೊತ್ತೂ ಅವಳಿಗಿರಲಿಲ್ಲ.

ಕಂಡಿಯಲ್ಲಿ ಗಾಳಿ ಟವೆಲನ್ನು ಕಿತ್ತುಕೊಳ್ಳಲು ನೋಡಿತು. ಆಚೆ ಕಡೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಹಿಮದ ಬೆಟ್ಟ, ಅಜ್ಜಿ ಎಣಿಸುತ್ತಿದ್ದ ಏಳಕ್ಕಿಂತ ಎಷ್ಟೋ ಹೆಚ್ಚು. ಎಲ್ಲವೂ ಅವಳ ಕಣ್ಣಿನ ಮಟ್ಟಕ್ಕೇ ಇದ್ದವು. ಬುಡದಲ್ಲಿ ಸರೋವರ, ಅಂಥ ಹಸಿರನ್ನು ಅವಳು ಯಾವ ಬಟ್ಟೆ ಅಂಗಡಿಯಲ್ಲೂ ಕಂಡಿರಲಿಲ್ಲ. ಎಡಗಡೆ ದೂರದಲ್ಲಿ ರಸ್ತೆಯ ಮೇಲೆ ಕುಸಿದ ಮಣ್ಣನ್ನು ಹಳದಿ ಯಂತ್ರವೊಂದು ಬಾಚುತ್ತಿತ್ತು, ಅದರ ಹಿಂದೆ ಗಾಡಿಗಳ ಸಾಲು. ಸಾಲಿನಲ್ಲಿ ಒಂದು ಬಿಳಿ ಚುಕ್ಕೆ.

"ಓಯ್, ಲಿಫ್ಟ್ ಸಾಹೇಬ್ರೇ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. "ಮೇಲೆ ನೋಡ್ರೀ!"

ಚುಕ್ಕೆಗೆ ಕೇಳಿಸಲಿಲ್ಲ. ಅವಳು ಎಡಗಾಲನ್ನು ಮಡಚಿ ಎತ್ತಿದಳು. ಕುಂಟಾಬಿಲ್ಲೆ ಆಡುವ ಹುಡುಗಿಯಂತೆ, ಬಲಗಾಲೊಂದರ ಮೇಲೇ ಕುಪ್ಪಳಿಸುತ್ತ ಕಂಡಿಯ ಈ ತುದಿಯಿಂದ ಆ ತುದಿಗೆ ಹೋದಳು. ನೋಡುವವರು ಯಾರೂ ಇರಲಿಲ್ಲ. ಆಮೇಲೆ ಕೂತು ಆಲೂಗಡ್ಡೆ ತಿಂದಳು.

ಆಚೆ ಕಡೆಯ ಇಳಿಜಾರು ಮೃದುವಾಗಿತ್ತು, ಹುಲ್ಲು ಬೆಳೆದಿತ್ತು. ಅವಳು ಸರೋವರದ ದಂಡೆಗೆ ಬರುವಷ್ಟರಲ್ಲಿ ವ್ಯಾನು ಆಗಷ್ಟೇ ಬಂದು ನಿಂತಿತ್ತು. ಚಕ್ರಕ್ಕೆ ಮರದ ತುಂಡು ಕೊಟ್ಟಾಗಿತ್ತು, ಒಲೆಯ ಮೇಲೆ ಚಹಾ ಇತ್ತು. ಗಂಡ ತೆರೆದ ಪಕ್ಕದ ಬಾಗಿಲ ಮೆಟ್ಟಿಲಲ್ಲಿ ಅವಳಿಗೆ ಬೆನ್ನು ಹಾಕಿ ಕೂತು ಪರದೆಯ ಜೊತೆ ಮಾತಾಡುತ್ತಿದ್ದ.

"ಇವಳೇ, ಕಟ್ಟಳೆ ಮುರೀತಿದ್ದೀನಿ, ಬೈದ್ರೂ ಸರಿ. ಬಿಸ್ಕತ್ತು ಪರದೆ ಕೆಳಗೆ ತಳ್ಳಿದ್ದೆ, ಮುಟ್ಟಿಲ್ಲ ನೀನು. ಅಂದ್ರೆ ಕೋಪ ಜಾಸ್ತಿನೇ ಇದೆ." ಅವನು ಕೆಮ್ಮಿದ. "ರಸ್ತೆ ಬಂದ್ ಆಗಿ ಕೂತಿದ್ನಲ್ಲ, ಆಗ ಯೋಚನೆ ಮಾಡ್ದೆ. ಕಾಲಿಗೇನೂ ಆಗಿಲ್ಲ. ಹೆದರಿಕೆ ನಂದೇ. ಆ ದಿನ ನಿನ್ನ ಹೊತ್ಕೊಂಡಾಗ ನನ್ನ ಕೈ ನಡುಗ್ತಿತ್ತಲ್ಲ, ಅದಿನ್ನೂ ನಿಂತಿಲ್ಲ ಕಣೇ. ನಾಳೆ ಈ ಕಡೆಯಿಂದ ಹತ್ತೋಣ, ಆಯ್ತಾ? ನಾನು ಕೈ ಹಿಡ್ಕೊಂಡಿರ್ತೀನಿ."

"ಕೈ ಹಿಡಿಯೋದು ಬೇಡ," ಎಂದಳು.

"ಆಯ್ತು, ಹಿಡಿಯಲ್ಲ," ಎಂದ ಅವನು, ಪರದೆಗೆ.

ಆಮೇಲೆ ಅವನ ಬೆನ್ನು ನೆಟ್ಟಗಾಯಿತು. ನಿಧಾನವಾಗಿ ತಿರುಗಿದ. ಮತ್ತೆ ಪರದೆಯ ಕಡೆ ತಿರುಗಿ ಅದನ್ನು ಸರ್ರನೆ ಸರಿಸಿದ. ಖಾಲಿ ಹಾಸಿಗೆ, ಕೆಳಗೆ ಬಿಸ್ಕತ್ತಿನ ಪೊಟ್ಟಣ. "ನೀನು... ಎಲ್ಲಿಂದ..."

ಅವಳು ಗದ್ದದಿಂದ ಕಂಡಿಯನ್ನು ತೋರಿಸಿದಳು. ಅಷ್ಟೆತ್ತರಕ್ಕೆ ನೋಡಲು ಅವನು ಕತ್ತು ಪೂರ್ತಿ ಹಿಂದಕ್ಕೆ ಬಗ್ಗಿಸಬೇಕಾಯಿತು. ಮುಖದ ಬಣ್ಣ ಹೋಯಿತು, ಬಂತು. ಅಭ್ಯಾಸಬಲದಿಂದ ಮಂಡಿಯೂರಿ ಅವಳ ಬಲಗಾಲಿನತ್ತ ಕೈ ಚಾಚಿದ. ಮುಟ್ಟುವ ಮೊದಲೇ ಕೈ ನಿಂತಿತು. ಆ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಹುಲ್ಲಿನ ಮೇಲಿಟ್ಟ.

"ಮೇಲೆ... ಹೇಗಿತ್ತು?" ಎಂದು ಕೇಳಿದ. ಇಷ್ಟು ದಿನ ಬೆಟ್ಟವಿಳಿದು ಬಂದ ಅವನನ್ನು ಅವಳು ಕೇಳುತ್ತಿದ್ದ ಪ್ರಶ್ನೆ.

"ಗಾಳಿ ಜೋರು. ಸ್ವೆಟರ್ ಹಾಕ್ಕೊಳ್ಳಿ ನಾಳೆ." ಅವಳು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದಳು. "ಕಂಡಿ ದಾಟಿದ ಮೇಲೆ ಒಂದು ಕಡೆ ಕಲ್ಲು ಸಡಿಲ ಇದೆ. ಅಲ್ಲಿ ನನ್ನ ಹಿಂದೆ ಬನ್ನಿ, ನಾನು ಇಟ್ಟ ಕಡೆನೇ ಕಾಲಿಡಿ."

"ಹೂಂ."

"ಚಹಾ ಉಕ್ತಿದೆ ರೀ."

ಅವನು ಒಲೆಯತ್ತ ಓಡಿದ. ಅವಳು ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಮಿಣಮಿಣ ಎನ್ನುವ ಉದ್ದನೆಯ ಗಾಯದ ಗೆರೆಯನ್ನು ಬಿಸಿಲಿಗೆ ಬಿಟ್ಟುಕೊಂಡು ದಂಡೆಗೆ ನಡೆದಳು. ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ತಳದ ಕಲ್ಲುಗಳೆಲ್ಲ ಕಾಣುತ್ತಿದ್ದವು. ಅವಳು ಅಲುಗದೆ ನಿಂತಳು. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಸೂಜಿಯಷ್ಟಷ್ಟೇ ಉದ್ದದ ಮೀನಿನ ಮರಿಗಳು ಬಂದು, ಎರಡೂ ಕಾಲುಗಳ ಸುತ್ತ ಒಂದೇ ಸಮ ಸುಳಿಯತೊಡಗಿದವು.