ಅಂಚಿನಲ್ಲಿ ಬರೆದ ನಾಲ್ಕು ಗಂಟೆ

ಮಗಳು ಎಡಗೈಯಿಂದ ಅಪ್ಪನ ತಣ್ಣನೆಯ ತಲೆಯನ್ನೆತ್ತಿ, ಬಲಗೈಯಿಂದ ಅದರಡಿಯ ಪುಸ್ತಕವನ್ನು ಎಳೆದಳು. ಶವಪೆಟ್ಟಿಗೆಯ ಸುತ್ತ ನಿಂತವರು ಬೆಚ್ಚಿದರು.

"ಅಣ್ಣನೇ ಕೇಳಿ ಇಡಿಸ್ಕೊಂಡಿದ್ದಮ್ಮ ಅದು," ಎಂದ ಚಿಕ್ಕಪ್ಪ. "ಅತ್ತಿಗೆಗೆ ಸವತಿ ಅಂತ ನಗ್ತಿದ್ವಲ್ಲ. ಇವತ್ತಾದ್ರೂ ಜೊತೇಲಿರ್ಲಿ ಬಿಡು."

ಅವಳು ಗೋಡೆಯ ಗಡಿಯಾರ ನೋಡಿದಳು. ಗಂಟೆ ಹನ್ನೊಂದೂವರೆ. ಆಗಷ್ಟೇ ನೆರೆ ಮುನ್ಸೂಚನೆ ಕಚೇರಿಯ ಸಹೋದ್ಯೋಗಿ ಫೋನಿನಲ್ಲಿ ಸಂತಾಪ ಹೇಳುತ್ತ, ಮಾತಿನ ನಡುವೆ, ಹೊಳೆಯ ಮೇಲ್ಭಾಗದ ಅಳತೆಗಂಬದಲ್ಲಿ ಬೆಳಿಗ್ಗೆ ಎಂಟಕ್ಕೆ ಆರು ಮೀಟರು ಇಪ್ಪತ್ತು ಸೆಂಟಿಮೀಟರು ನೀರಿತ್ತು ಎಂದಿದ್ದ. ಕಚೇರಿಯ ಕೋಷ್ಟಕದಂತೆ ಆ ನೀರು ಊರು ಮುಟ್ಟಲು ಒಂಬತ್ತು ಗಂಟೆ ಬೇಕು. ನಿಶ್ಚಿಂತೆಯಿಂದ ಮಣ್ಣು ಮುಗಿಸಿ ಎಂದೂ ಸೇರಿಸಿದ್ದ. ಕಿಟಕಿಯಾಚೆ ಬಿಸಿಲಿತ್ತು. ಅವಳು ಮಾತ್ರ ಅವಸರದಿಂದ ಪುಟ ತಿರುವತೊಡಗಿದಳು.

*

ಮೂವತ್ತು ವರ್ಷ ಅದೇ ಅಳತೆಗಂಬ ಓದಿದ ಅಪ್ಪ, ಜಲವಿಜ್ಞಾನದ ಆ ಸಾವಿರದ ಇನ್ನೂರು ಪುಟಗಳ ಆಕರಗ್ರಂಥವನ್ನು ಊಟದ ಮೇಜಿನಿಂದ ಕದಲಿಸಲು ಬಿಡುತ್ತಿರಲಿಲ್ಲ.

"ಕೋಷ್ಟಕ ಅಳೆದಷ್ಟಕ್ಕೆ ಮಾತ್ರ ನಿಜ ಮಗಳೇ. ಅದರಾಚೆ ಗೆರೆ ಎಳೆದವನು ನೀರು ನೋಡಿರಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೆದಿರೋದು ಈ ಪುಸ್ತಕ ಒಂದೇ."

ಈಗ ಎಲ್ಲ ಕಂಪ್ಯೂಟರಿನಲ್ಲಿದೆ ಎಂದು ಅವಳು ನಕ್ಕಿದ್ದಳು. ಕೋಷ್ಟಕ ತಿದ್ದಿ ಎಂದು ಕಚೇರಿಗೆ ಬರೆದ ಎರಡು ಪತ್ರಗಳಿಗೂ ಉತ್ತರ ಕಾಣದ ಅಪ್ಪ, ಸುಮ್ಮನೆ ಪೆನ್ಸಿಲು ಕೆತ್ತುತ್ತ ಕೂತಿದ್ದರು.

*

ನೆರೆಯ ಪಯಣಕಾಲದ ಅಧ್ಯಾಯ ಸಿಕ್ಕಿತು. ಅಂಚಿನಲ್ಲಿ ಸಾಸಿವೆ ಕಾಳಿನಂಥ ಅಕ್ಷರ: 'ಆರು ಮೀಟರು ದಾಟಿದರೆ ಹೊಳೆ ದಂಡೆ ಹಾರಿ ಹಳೆಯ ಪಾತ್ರ ಹಿಡಿಯುತ್ತದೆ. ಅದು ನೇರ ದಾರಿ. ಒಂಬತ್ತಲ್ಲ, ನಾಲ್ಕು ಗಂಟೆ. ಎರಡು ಸಲ ಕಣ್ಣಾರೆ ಕಂಡೆ.'

ಎಂಟಕ್ಕೆ ನಾಲ್ಕು ಕೂಡಿಸಿದಳು. ಉಳಿದದ್ದು ಅರ್ಧ ಗಂಟೆ. ಈ ಕೆಳಗಿನ ಬೀದಿಯಲ್ಲಿ ಇನ್ನೂರು ಮನೆ.

"ಸೈರನ್ ಹಾಕಿ," ಎಂದಳು ಫೋನಿನಲ್ಲಿ.

"ಮೇಡಂ, ನೀವು ದುಃಖದಲ್ಲಿದ್ದೀರಿ. ಸಾಹೇಬ್ರನ್ನ ಒಂದು ಮಾತು ಕೇಳ್ದೆ..."

"ತಪ್ಪಾದ್ರೆ ನನ್ನ ಕೆಲಸ ಹೋಗ್ಲಿ. ನನ್ನ ಹೆಸರಲ್ಲೇ ಬರ್ಕೊಳ್ಳಿ."

ಫೋನಿಟ್ಟು ಅವಳು ಚಿಕ್ಕಪ್ಪನತ್ತ ತಿರುಗಿ, ಪೆಟ್ಟಿಗೆಯನ್ನು ಹೊಳೆದಂಡೆಯ ಸ್ಮಶಾನಕ್ಕಲ್ಲ, ಗುಡ್ಡದ ಶಾಲೆಗೆ ಹೊರಬೇಕೆಂದಳು. ಹೆಣ ಇಟ್ಕೊಂಡು ಊರು ನಗಿಸ್ತೀಯಾ ಎಂದು ಅವನು ಸಿಡುಕಿದ. ಅಮ್ಮ ತನ್ನ ಶಾಲನ್ನು ನಾಲ್ಕು ಮಡಿಕೆ ಮಾಡಿ, ಪುಸ್ತಕವಿದ್ದ ಜಾಗದಲ್ಲಿ ಅಪ್ಪನ ತಲೆಯಡಿ ಇಟ್ಟಳು.

ಅಷ್ಟರಲ್ಲಿ ಸೈರನ್ ಕೂಗಿತು. ಹೆಗಲು ಕೊಟ್ಟವರು ಹೊಸ್ತಿಲಲ್ಲೇ ನಿಂತರು.

ಬೆಳಿಗ್ಗೆ ಯಾರೋ ತಂದ ಹಾರದಿಂದ ಉದುರಿದ ಬಿಳಿ ಹೂವೊಂದು ಬಾಗಿಲ ಮುಂದಿನ ಚರಂಡಿಯಲ್ಲಿ ಹೊಳೆಯ ಕಡೆಗೆ ತೇಲಿ ಹೋಗಿತ್ತು. ಅದೀಗ ಹಿಂದಿರುಗಿ, ಮೆಲ್ಲಗೆ, ಮನೆಯ ಮೆಟ್ಟಿಲಿನತ್ತ ಬರುತ್ತಿತ್ತು.