ಒಂದು ಹಿಡಿ ಗಣಿಕೆ ಸೊಪ್ಪು

ತೋಟದ ಕೆಲಸದಲ್ಲಿ ಅವನನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಅದರ ಜಂಬವೂ ಅವನಿಗೆ ಸಾಕಷ್ಟಿತ್ತು. ಪಾರ್ಕು, ಶಾಲೆ, ಆಸ್ಪತ್ರೆ, ಎಲ್ಲದರ ಗುತ್ತಿಗೆಯೂ ಅವನದೇ. ಕಳೆ ಕಂಡರೆ ಮೈಯೆಲ್ಲ ಉರಿ. ನೆಲವನ್ನೆಲ್ಲ ಬೋಳು ಮಾಡುತ್ತಾನೆಂದು ಜನ ಬೋಳಪ್ಪ ಎಂದು ಹೆಸರಿಟ್ಟಿದ್ದರು. ತಲೆಯಲ್ಲಿ ಮಾತ್ರ ಕೂದಲು ಬೇಕಾದಷ್ಟಿತ್ತು.

ಇಂಥವನ ಕಣ್ಣಿಗೆ ಚುಚ್ಚುತ್ತಿದ್ದದ್ದು ಅವನದೇ ಮನೆಯ ಹಿತ್ತಿಲು. ಅಕ್ಕ, ತಮ್ಮ ಇಬ್ಬರೇ ಇದ್ದ ಮನೆ. ಹಿತ್ತಿಲು ಅಕ್ಕನ ಸುಪರ್ದಿಯಲ್ಲಿತ್ತು. ಅಲ್ಲಿ ಕಾಲಿಡಲು ಜಾಗವಿಲ್ಲದಂತೆ ಗೋಣಿಸೊಪ್ಪು, ಹೊನಗೊನ್ನೆ, ಗಣಿಕೆ. ಕಿತ್ತು ಬಿಸಾಕುತ್ತೇನೆಂದು ಹತ್ತು ಸಲ ಹೇಳಿದ್ದ. ಅವಳು ನಕ್ಕು, ಅವನ ಊಟದ ಡಬ್ಬಿಗೆ ಬೇಯಿಸಿದ ಸೊಪ್ಪು ತುಂಬುತ್ತಿದ್ದಳು. ಯಾವ ಸೊಪ್ಪು ಎಂದು ಅವನು ಒಮ್ಮೆಯೂ ಕೇಳಿದವನಲ್ಲ. ಉಣ್ಣುವವನಿಗೆ ಉಪ್ಪು ಸರಿಯಿದ್ದರೆ ಸಾಕು.

ಗಂಟಲಿನ ಗಡ್ಡೆಯ ಚಿಕಿತ್ಸೆಗೆಂದು ಅಕ್ಕ ಮೂರು ವಾರ ಆಸ್ಪತ್ರೆ ಸೇರಿದಳು. ಅವಳು ಬರುವಷ್ಟರಲ್ಲಿ ಏನಾದರೂ ಮಾಡಿಡಬೇಕೆಂದು ತಮ್ಮನ ಜೀವ ಚಡಪಡಿಸಿತು. ಅವನಿಗೆ ಬರುತ್ತಿದ್ದದ್ದು ಒಂದೇ ಕೆಲಸ. ಎರಡು ಭಾನುವಾರ ಮಂಡಿಯೂರಿ ಹಿತ್ತಿಲನ್ನೆಲ್ಲ ಬುಡಸಮೇತ ಕಿತ್ತ, ಉಳಿದದ್ದಕ್ಕೆ ಕಳೆನಾಶಕ ಹೊಡೆದ, ಮೇಲೆ ಜಲ್ಲಿ ಹರಡಿದ. ಪಾಪ, ಪ್ರೀತಿಯಿಂದಲೇ ಮಾಡಿದ.

ಚಿಕಿತ್ಸೆಯ ಉಷ್ಣಕ್ಕೆ ಅಕ್ಕ ಬಾಯಿ ತುಂಬ ಹುಣ್ಣು ಮಾಡಿಕೊಂಡು ಬಂದಳು. ಮುಲಾಮು ಹಚ್ಚಿದರೂ ನೀರು ಕೂಡ ಸಲೀಸಾಗಿ ಇಳಿಯುತ್ತಿರಲಿಲ್ಲ. ಬಂದವಳೇ ಬಟ್ಟಲು ಹಿಡಿದು ಹಿತ್ತಿಲ ಬಾಗಿಲು ತೆಗೆದಳು. ಹೊಸ್ತಿಲಾಚೆ ಬರೀ ಜಲ್ಲಿ.

"ಗಣಿಕೆ ಬೇಯಿಸಿದ ನೀರು ಕುಡಿದ್ರೆ ಬಾಯಿ ಸ್ವಲ್ಪ ತಂಪಾಗತ್ತೆ. ಅಲ್ಲಿ ಮಲಗಿ ಅದನ್ನೇ ನೆನೆಸ್ಕೋತಿದ್ದೆ ಕಣೋ," ಎಂದಳು. "ಹೋಗ್ಲಿ ಬಿಡು. ಎಲ್ಲಾದ್ರೂ ಸಿಗತ್ತೆ, ಒಂದು ಹಿಡಿ ಕಿತ್ಕೊಂಡು ಬಾ."

ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ. ತರಕಾರಿ ಅಂಗಡಿಯವಳು, ಕಳೆಯನ್ನು ಯಾರಪ್ಪ ಮಾರುತ್ತಾರೆ ಎಂದು ನಕ್ಕಳು. ಪಾರ್ಕಿನಲ್ಲಿ ಇಲ್ಲ, ಆಸ್ಪತ್ರೆಯ ಬೇಲಿಯಲ್ಲೂ ಇಲ್ಲ. ಶಾಲೆಯ ಗೋಡೆಗೆ ಒತ್ತಿಕೊಂಡು ಒಂದು ಗಿಡ ಇನ್ನೂ ಹಸಿರಾಗಿತ್ತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಮೊನ್ನೆಯಷ್ಟೇ ಅಲ್ಲಿ ಕಳೆನಾಶಕ ಹೊಡೆದವನು ಅವನೇ. ಇಷ್ಟು ವರ್ಷ ಮೆರೆದದ್ದೆಲ್ಲ ಇದಕ್ಕೇನಾ ಎನಿಸಿ, ಆ ಗೋಡೆಯ ಪಕ್ಕ ಕೂತು ಅತ್ತ.

ಬರಿಗೈಯಲ್ಲಿ ಮನೆಗೆ ಬಂದ. "ಎಲ್ಲೂ ಉಳಿಸಿಲ್ಲ ಅಕ್ಕಾ, ನಾನು."

ಅಕ್ಕ ತಣ್ಣಗಿನ ಹಾಲನ್ನು ಒಂದು ಗುಟುಕು ನುಂಗಲು ನೋಡಿದಳು. ಕಣ್ಣಲ್ಲಿ ನೀರು ಬಂತು, ಲೋಟ ಕೆಳಗಿಟ್ಟಳು.

"ನಿನ್ನ ಕೆಲಸ ಅಂದ್ರೆ ಕೆಲಸ ಬಿಡು. ಯಾರೂ ಒಂದು ಮಾತು ಆಡೋ ಹಾಗಿಲ್ಲ."

ಕೊಂಕಲ್ಲ, ಅವಳು ಮನಸಾರೆ ಹೊಗಳಿದ್ದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.